ಹದಿಹರೆಯದವರಿಗೆ ಲೈಂಗಿಕ ದೌರ್ಜನ್ಯ ತಡೆಯ ಪಾಠ: ಶಾಲೆಯೊಂದು ಅದನ್ನು ಹಂತ ಹಂತವಾಗಿ ಕಟ್ಟುವ ಬಗೆ

ಹದಿಹರೆಯದವರಿಗೆ ಲೈಂಗಿಕ ದೌರ್ಜನ್ಯದ ಕುರಿತು ತಿಳಿವಳಿಕೆ ನೀಡಬೇಕೆಂದು ಹೊರಡುವ ಅನೇಕ ಶಾಲೆಗಳು ಮೊದಲು ಮಾಡುವ ಕೆಲಸ ಒಂದೇ ಬಗೆಯದು. ಹೊರಗಿನಿಂದ ತಜ್ಞರೊಬ್ಬರನ್ನು ಕರೆಸುತ್ತಾರೆ, ಸಭಾಂಗಣದಲ್ಲಿ ಎಲ್ಲ ತರಗತಿಗಳನ್ನೂ ಒಟ್ಟಿಗೆ ಕೂರಿಸಿ ಒಂದು ಗಂಟೆಯ ಉಪನ್ಯಾಸ ಏರ್ಪಡಿಸುತ್ತಾರೆ, ಯಾರಾದರೂ ತೊಂದರೆ ಕೊಟ್ಟರೆ ‘ಬೇಡ’ ಎನ್ನಿ, ಅಲ್ಲಿಂದ ಓಡಿ, ನಂಬಿಕಸ್ಥ ಹಿರಿಯರಿಗೆ ಹೇಳಿ ಎಂಬ ಮೂರು ಮಾತುಗಳನ್ನು ಹೇಳಿಸಿ ಕಾರ್ಯಕ್ರಮ ಮುಗಿಸುತ್ತಾರೆ. ಆ ಮೂರು ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಮೂರೂ ಮಗುವಿಗೆ ಹೇಳಿದ ಮಾತುಗಳೇ. ಆ ‘ನಂಬಿಕಸ್ಥ ಹಿರಿಯರು’ ಕೇಳಿಸಿಕೊಳ್ಳಲು ಸಿದ್ಧರಿದ್ದಾರೆಯೇ ಎಂದು ಅಲ್ಲಿ ಯಾರೂ ಕೇಳಿರುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಂಕೆಲ್‌ಹಾರ್ ಅವರು 1984ರಲ್ಲಿ, ಮಗುವೊಂದರ ಮೇಲೆ ದೌರ್ಜನ್ಯ ನಡೆಯಬೇಕಾದರೆ ನಾಲ್ಕು ಷರತ್ತುಗಳು ಕೂಡಿಬರಬೇಕೆಂದು ವಿವರಿಸಿದರು. ಎಸಗುವವನಲ್ಲಿ ಅದಕ್ಕೆ ಪ್ರೇರಣೆ ಇರಬೇಕು; ತಪ್ಪು ಮಾಡುತ್ತಿದ್ದೇನೆಂಬ ತನ್ನೊಳಗಿನ ತಡೆಯನ್ನು ಅವನು ದಾಟಬೇಕು; ಸುತ್ತಲಿನವರ ಕಣ್ಗಾವಲನ್ನು ದಾಟಬೇಕು; ಕಟ್ಟಕಡೆಗೆ ಮಗುವಿನ ಪ್ರತಿರೋಧವನ್ನು ದಾಟಬೇಕು. ‘ಬೇಡ ಎನ್ನಿ’ ಎಂಬ ಪಾಠವು ಈ ನಾಲ್ಕರಲ್ಲಿ ಕೊನೆಯ ಬೇಲಿಯನ್ನು ಮಾತ್ರ ಗಟ್ಟಿಮಾಡುತ್ತದೆ, ಮತ್ತು ಆ ಬೇಲಿಯನ್ನು ಕಾಯುವ ಕೆಲಸವನ್ನು ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಡಿಮೆ ಬಲವುಳ್ಳವರಿಗೆ ವಹಿಸುತ್ತದೆ. ಶಾಲೆಯ ಕೈಯಲ್ಲಿ ನಿಜವಾಗಿ ಇರುವುದು ಮೂರನೆಯ ಬೇಲಿ. ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ತಾವೇ ಎಸಗುವವರಾಗಬಹುದು ಎಂಬುದನ್ನು ಒಪ್ಪಿಕೊಂಡರೆ, ಎರಡನೆಯದೂ ಅದರ ಕೈಯಲ್ಲಿದೆ. ಈ ಮಾರ್ಗದರ್ಶಿಯ ಹಂತಗಳನ್ನು ಆ ಲೆಕ್ಕದಲ್ಲಿಯೇ ಜೋಡಿಸಿದ್ದೇನೆ. ವಿದ್ಯಾರ್ಥಿಗಳ ಮುಂದೆ ನಿಲ್ಲುವುದು ನಾಲ್ಕನೆಯ ಹಂತದಲ್ಲಿ. ಅದಕ್ಕೂ ಮುಂಚಿನ ಮೂರು ಹಂತಗಳು ಹಿರಿಯರವು.

ಹದಿಹರೆಯವನ್ನೇ ಪ್ರತ್ಯೇಕವಾಗಿ ಎತ್ತಿಕೊಳ್ಳಲು ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿ 5 ಮಹಿಳೆಯರಲ್ಲಿ ಒಬ್ಬರು ಮತ್ತು ಪ್ರತಿ 13 ಪುರುಷರಲ್ಲಿ ಒಬ್ಬರು 18 ವರ್ಷ ತುಂಬುವ ಮೊದಲು ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದಾಗಿ ಹೇಳಿಕೊಳ್ಳುತ್ತಾರೆ. ಬಾಲ್ಯದ ಲೈಂಗಿಕ ಹಿಂಸೆಯಲ್ಲಿ ಹೆಚ್ಚಿನದು ನಡೆಯುವುದು ಹದಿಹರೆಯದಲ್ಲಿ, ಅದರಲ್ಲೂ 14ರಿಂದ 17ರ ವಯಸ್ಸಿನಲ್ಲಿ ಅದು ಗಮನಾರ್ಹವಾಗಿ ಏರುತ್ತದೆ ಎಂದು ಯುನಿಸೆಫ್ 2024ರಲ್ಲಿ ಹೇಳಿತು. ಹೀಗಿದ್ದರೂ ತಡೆಯ ಪಾಠಗಳು ಬಹುಮಟ್ಟಿಗೆ ಚಿಕ್ಕ ಮಕ್ಕಳಿಗಾಗಿ ರೂಪುಗೊಂಡಂಥವು. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂಬ ವಿಂಗಡಣೆ ಆರು ವರ್ಷದ ಮಗುವಿಗೆ ಒಂದಿಷ್ಟು ನೆರವಾದೀತು. ಹದಿನೈದರ ಹುಡುಗಿಗೆ ಅದು ಸಾಲದು. ಅವಳಿಗೆ ಎದುರಾಗುವ ವ್ಯಕ್ತಿ ಅವಳು ಇಷ್ಟಪಡುವ ಗೆಳೆಯನಾಗಿರಬಹುದು, ತಂಡಕ್ಕೆ ಆಯ್ಕೆ ಮಾಡುವ ತರಬೇತುದಾರನಾಗಿರಬಹುದು, ಮುಖವನ್ನೇ ನೋಡಿರದ ಮೊಬೈಲ್ ಗೆಳೆಯನಾಗಿರಬಹುದು. ಅಲ್ಲಿ ಸ್ಪರ್ಶವೇ ಇಲ್ಲದಿರಬಹುದು. ಇದ್ದ ಸ್ಪರ್ಶ ಆ ಗಳಿಗೆಯಲ್ಲಿ ಕೆಟ್ಟದೆನಿಸದೆಯೂ ಇರಬಹುದು.

ಮೊದಲ ಹಂತ: ಕೇಳಿಸಿಕೊಳ್ಳುವವರನ್ನು ಸಿದ್ಧಪಡಿಸುವುದು

ಪಾಠ ಚೆನ್ನಾಗಿ ನಡೆದರೆ ಯಾರಾದರೂ ಬಂದು ತಮಗಾದದ್ದನ್ನು ಹೇಳುವ ಸಾಧ್ಯತೆ ಇದ್ದೇ ಇರುತ್ತದೆ. ಅದಕ್ಕೆ ಸಿದ್ಧವಾಗದ ಶಾಲೆ ಪಾಠವನ್ನು ಒಂದು ವರ್ಷ ಮುಂದೂಡುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಧೈರ್ಯಮಾಡಿ ಬಾಯ್ತೆರೆದ ವಿದ್ಯಾರ್ಥಿಗೆ ‘ನಿಜವಾಗಿಯೂ ಹಾಗಾಯಿತೇ?’ ಎಂಬ ಪ್ರತಿಕ್ರಿಯೆ ಸಿಕ್ಕಿದರೆ, ಅದೇ ವಿದ್ಯಾರ್ಥಿ ಇನ್ನೊಮ್ಮೆ ಬಾಯ್ತೆರೆಯಲು ಹಲವು ವರ್ಷಗಳೇ ಬೇಕಾಗಬಹುದು.

ತರಬೇತಿಯು ವಿಜ್ಞಾನದ ಶಿಕ್ಷಕರಿಗೋ ಆಪ್ತಸಮಾಲೋಚಕರಿಗೋ ಮಾತ್ರ ಸೀಮಿತವಾಗಬಾರದು. ವಾಹನ ಚಾಲಕರು, ಗ್ರಂಥಪಾಲಕರು, ಕಚೇರಿಯ ಗುಮಾಸ್ತರು, ಸ್ವಚ್ಛತೆಯ ಸಿಬ್ಬಂದಿ, ಆಟದ ತರಬೇತುದಾರರು, ಹೀಗೆ ಶಾಲೆಯ ಸಂಬಳ ಪಡೆಯುವ ಪ್ರತಿಯೊಬ್ಬರೂ ಅದರಲ್ಲಿ ಕೂರಬೇಕು, ಏಕೆಂದರೆ ಮಕ್ಕಳು ಹೇಳಿಕೊಳ್ಳುವುದು ಹುದ್ದೆಯನ್ನು ನೋಡಿ ಅಲ್ಲ. ತರಬೇತಿಯಲ್ಲಿ ಮೂರು ಸಂಗತಿಗಳು ಇತ್ಯರ್ಥವಾಗಲೇಬೇಕು.

ಒಂದನೆಯದು ನಡತೆಯ ನಿಯಮ. ವಿದ್ಯಾರ್ಥಿಯೊಬ್ಬರೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಖಾಸಗಿ ಖಾತೆಗಳಿಂದ ಸಂದೇಶ ಕಳುಹಿಸಬಾರದು, ಒಬ್ಬರಿಗಷ್ಟೇ ಉಡುಗೊರೆ ಕೊಡಬಾರದು, ಪ್ರವಾಸದಲ್ಲಿ ಮಲಗುವ ಕೋಣೆ ಹಂಚಿಕೊಳ್ಳಬಾರದು. ಇವು ಬರಹದಲ್ಲಿದ್ದು, ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿದಿರಬೇಕು. ನಿಯಮ ಬಹಿರಂಗವಾಗಿದ್ದರೆ ಅದನ್ನು ಮೀರಿದ ನಡೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಮತ್ತು ವಿದ್ಯಾರ್ಥಿಯು ‘ಅವರು ಕೆಟ್ಟವರು’ ಎಂದು ಸಾಬೀತುಪಡಿಸಬೇಕಾಗಿಲ್ಲ, ‘ಅವರು ನಿಯಮ ಮೀರಿದರು’ ಎಂದು ಹೇಳಿದರೆ ಸಾಕಾಗುತ್ತದೆ. ದೂರು ಮುಖ್ಯೋಪಾಧ್ಯಾಯರ ಮೇಲೆಯೇ ಬಂದರೆ ಅದು ಯಾರ ಬಳಿಗೆ ಹೋಗಬೇಕು ಎಂಬುದನ್ನೂ ಅದೇ ಬರಹದಲ್ಲಿ ಹೇಳಿರಬೇಕು.

ಎರಡನೆಯದು, ವಿದ್ಯಾರ್ಥಿ ಬಂದು ಹೇಳಿದಾಗ ಆಡಬೇಕಾದ ಮಾತುಗಳು. ಇದನ್ನು ಸಿಬ್ಬಂದಿ ಬಾಯಿಪಾಠದಂತೆ ಅಭ್ಯಾಸ ಮಾಡಬೇಕು, ಏಕೆಂದರೆ ಆ ಗಳಿಗೆಯಲ್ಲಿ ಅನುಭವಿ ಶಿಕ್ಷಕರಿಗೂ ಮಾತು ತಪ್ಪುತ್ತದೆ. ‘ನೀನು ಹೇಳಿದ್ದು ಒಳ್ಳೆಯದಾಯಿತು. ನಿನ್ನ ಮಾತನ್ನು ನಂಬುತ್ತೇನೆ. ಇದರಲ್ಲಿ ನಿನ್ನ ತಪ್ಪಿಲ್ಲ. ಮುಂದೆ ಏನು ಮಾಡಬೇಕೆಂದು ಒಟ್ಟಿಗೆ ನೋಡೋಣ.’ ಇಷ್ಟು ಸಾಕು. ‘ಅಲ್ಲಿಗೆ ಏಕೆ ಹೋದೆ?’, ‘ಮೊದಲೇ ಏಕೆ ಹೇಳಲಿಲ್ಲ?’, ‘ಕಿರುಚಲಿಲ್ಲವೇಕೆ?’ ಎಂಬ ಪ್ರಶ್ನೆಗಳು ಬರಕೂಡದು. ‘ಯಾರಿಗೂ ಹೇಳುವುದಿಲ್ಲ’ ಎಂಬ ವಚನವನ್ನೂ ಕೊಡಕೂಡದು. ಅದರ ಬದಲಿಗೆ, ‘ನಿನ್ನ ಸುರಕ್ಷತೆಗಾಗಿ ತಿಳಿಯಲೇಬೇಕಾದ ಒಬ್ಬಿಬ್ಬರಿಗೆ ಮಾತ್ರ ಹೇಳುತ್ತೇನೆ, ಅವರು ಯಾರೆಂದು ನಿನಗೆ ಮೊದಲೇ ತಿಳಿಸುತ್ತೇನೆ’ ಎಂದು ನಿಜವನ್ನೇ ಹೇಳಬೇಕು. ಗುಟ್ಟಿನ ಬಲದಿಂದಲೇ ನೋಯಿಸಲ್ಪಟ್ಟ ಮಗುವಿಗೆ ಇನ್ನೊಂದು ಹುಸಿ ಗುಟ್ಟು ಬೇಡ. ವಿವರಗಳನ್ನು ಕೆದಕುವುದು ತನಿಖೆಗೆ ತರಬೇತಾದವರ ಕೆಲಸ. ಶಿಕ್ಷಕರ ಕೆಲಸವೆಂದರೆ ಕೇಳಿದ್ದನ್ನು ವಿದ್ಯಾರ್ಥಿಯ ಮಾತುಗಳಲ್ಲೇ, ದಿನಾಂಕ ಮತ್ತು ವೇಳೆಯೊಂದಿಗೆ ಬರೆದಿಡುವುದು. ಆರೋಪಕ್ಕೊಳಗಾದವರನ್ನು ಕರೆಸಿ ವಿಚಾರಿಸುವುದು, ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವುದು ಎಂದಿಗೂ ಸಲ್ಲದು.

ಮೂರನೆಯದು ಮುಂದಿನ ದಾರಿ. ತಮ್ಮ ದೇಶದ ಕಾನೂನು ಯಾರು, ಯಾರಿಗೆ, ಎಷ್ಟು ಹೊತ್ತಿನೊಳಗೆ ವರದಿ ಮಾಡಬೇಕೆಂದು ಹೇಳುತ್ತದೆಂಬುದನ್ನು ಒಂದೇ ಹಾಳೆಯಲ್ಲಿ ಬರೆಸಿ, ಮಕ್ಕಳ ಸಹಾಯವಾಣಿ, ಪೊಲೀಸ್ ಮತ್ತು ಆಸ್ಪತ್ರೆಯ ಸಂಖ್ಯೆಗಳೊಂದಿಗೆ ಎಲ್ಲ ಸಿಬ್ಬಂದಿಗೂ ಕೊಡಬೇಕು. ವೈದ್ಯಕೀಯ ನೆರವಿಗೆ ಗಡುವು ಇದೆ ಎಂಬುದು ಬಹಳ ಶಿಕ್ಷಕರಿಗೆ ತಿಳಿದಿರುವುದಿಲ್ಲ. ಎಚ್‌ಐವಿ ಸೋಂಕನ್ನು ತಡೆಯುವ ಔಷಧಿಯನ್ನು ಘಟನೆಯ 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ. ತುರ್ತು ಗರ್ಭನಿರೋಧಕ ಮಾತ್ರೆಗಳಿಗೆ 120 ಗಂಟೆಗಳವರೆಗೆ ಅವಕಾಶವಿದ್ದರೂ ತಡವಾದಷ್ಟೂ ಅವುಗಳ ಪರಿಣಾಮ ಕುಗ್ಗುತ್ತದೆ. ಆಡಳಿತ ಮಂಡಳಿಯ ಸಭೆ ಸೇರುವವರೆಗೆ ಕಾಯೋಣ ಎನ್ನುವ ಶಾಲೆ ಈ ಗಂಟೆಗಳನ್ನು ಕಳೆದುಬಿಡುತ್ತದೆ.

ಹೇಳಿದ ವಿದ್ಯಾರ್ಥಿಯೇ ಕೆಲವು ದಿನಗಳ ನಂತರ ‘ಹಾಗೇನೂ ಆಗಿರಲಿಲ್ಲ’ ಎಂದು ಮಾತು ಹಿಂತೆಗೆದುಕೊಳ್ಳುವುದೂ ಉಂಟು. ಮನೋವೈದ್ಯ ರೋಲಂಡ್ ಸಮಿಟ್ ಅವರು 1983ರಲ್ಲೇ ಇದನ್ನು ಗುರುತಿಸಿ, ಗುಟ್ಟು, ಅಸಹಾಯಕತೆ, ಹೊಂದಿಕೊಳ್ಳುವಿಕೆ, ತಡವಾದ ಹೇಳಿಕೆ, ಕೊನೆಗೆ ಹೇಳಿದ್ದನ್ನು ಹಿಂತೆಗೆದುಕೊಳ್ಳುವುದು ಎಂಬ ಕ್ರಮದಲ್ಲಿ ವಿವರಿಸಿದ್ದರು. ಮನೆಯಲ್ಲಿ ಗದ್ದಲವೆದ್ದಾಗ, ಸಂಬಂಧಗಳು ಮುರಿಯತೊಡಗಿದಾಗ, ಎಲ್ಲವನ್ನೂ ಮೊದಲಿನಂತಾಗಿಸಲು ಮಗುವಿಗೆ ಕಾಣುವ ಒಂದೇ ದಾರಿ ತನ್ನ ಮಾತನ್ನೇ ಅಳಿಸುವುದು. ಎಲ್ಲ ಮಕ್ಕಳೂ ಹೀಗೆಯೇ ನಡೆದುಕೊಳ್ಳುತ್ತಾರೆಂದಲ್ಲ. ಆದರೆ ಮಾತು ಹಿಂತೆಗೆದುಕೊಂಡ ಮಾತ್ರಕ್ಕೆ ಕಡತ ಮುಚ್ಚುವ ಹಕ್ಕು ಶಾಲೆಗಿಲ್ಲ ಎಂಬುದನ್ನು ಸಿಬ್ಬಂದಿ ತಿಳಿದಿರಬೇಕು.

ಎರಡನೆಯ ಹಂತ: ಪೋಷಕರೊಂದಿಗೆ ಮಾತು

ಪೋಷಕರಲ್ಲಿ ಎರಡು ಭಯಗಳಿರುತ್ತವೆ. ಇಂಥ ಮಾತು ಮಕ್ಕಳಲ್ಲಿ ಕುತೂಹಲ ಹುಟ್ಟಿಸಿ ಅವರನ್ನು ಬೇಗ ಲೈಂಗಿಕ ಸಂಬಂಧಗಳಿಗೆ ದೂಡುತ್ತದೆ ಎಂಬುದು ಒಂದು. ಮಕ್ಕಳು ಎಲ್ಲರನ್ನೂ ಅನುಮಾನದಿಂದ ನೋಡತೊಡಗುತ್ತಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಉತ್ತರಿಸುತ್ತದೆ: ಲೈಂಗಿಕತೆಯ ಶಿಕ್ಷಣವು ಲೈಂಗಿಕ ಚಟುವಟಿಕೆಯನ್ನು ಹೆಚ್ಚಿಸುವುದಿಲ್ಲ ಎಂದೇ ಅದು ಒಟ್ಟುಗೂಡಿಸಿದ ಪುರಾವೆಗಳು ಹೇಳುತ್ತವೆ. ಎರಡನೆಯ ಭಯಕ್ಕೆ, ಸಂಶೋಧನೆಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆಯನ್ನು ತೋರಿಸಬಹುದು. ಬಹುತೇಕ ಕಿರಿಯ ಮಕ್ಕಳನ್ನೇ ಒಳಗೊಂಡ 24 ಪ್ರಯೋಗಗಳನ್ನು, ಸುಮಾರು 5,800 ಮಕ್ಕಳ ಮಾಹಿತಿಯನ್ನು ಅದು ಪರಿಶೀಲಿಸಿತು. ಪಾಠಗಳಿಂದ ತಿಳಿವಳಿಕೆ ಹೆಚ್ಚಿತ್ತು, ಆತಂಕವಾಗಲಿ ಭಯವಾಗಲಿ ಹೆಚ್ಚಿರಲಿಲ್ಲ.

ಸಭೆಯಲ್ಲಿ ಪಠ್ಯವನ್ನು ಪೂರ್ತಿ ತೋರಿಸಿ, ಮಕ್ಕಳು ಕೇಳಬಹುದಾದ ಪ್ರಶ್ನೆಗಳನ್ನು ಓದಿಹೇಳಿ. ಮನೆಯಲ್ಲಿ ಈ ಮಾತು ಬಂದಾಗ ಹೇಗೆ ಕೇಳಿಸಿಕೊಳ್ಳಬೇಕೆಂಬುದನ್ನು ಅವರಿಗೂ ಅಭ್ಯಾಸ ಮಾಡಿಸಿ. ಒಂದು ಎಚ್ಚರಿಕೆ ಬೇಕು. ದೌರ್ಜನ್ಯ ಮನೆಯೊಳಗೇ ನಡೆಯುತ್ತಿರುವ ಕಡೆ, ಪಾಠದಿಂದ ಮಗುವನ್ನು ಹೊರಗಿಡಬೇಕೆಂಬ ಪತ್ರ ಬರುವುದೂ ಆ ಮನೆಯಿಂದಲೇ ಇರಬಹುದು. ಆದ್ದರಿಂದ ಪಾಠಕ್ಕೆ ಬಂದವರಿಗೂ ಬಾರದವರಿಗೂ ಸಹಾಯವಾಣಿಯ ಸಂಖ್ಯೆ ಮತ್ತು ಶಾಲೆಯಲ್ಲಿ ಹೇಳಿಕೊಳ್ಳಬಹುದಾದ ಇಬ್ಬರು ಹಿರಿಯರ ಹೆಸರು ಗುರುತಿನ ಚೀಟಿಯ ಹಿಂಬದಿಯಲ್ಲಿ ಅಚ್ಚಾಗಿರಲಿ.

ಮೂರನೆಯ ಹಂತ: ಶಾಲೆಯ ನಕ್ಷೆ

ಈ ಹಂತಕ್ಕೆ ಹೆಚ್ಚು ಹಣ ಬೇಕಾಗಿಲ್ಲ, ಆದರೂ ಇದನ್ನು ಕೈಬಿಡುವ ಶಾಲೆಗಳೇ ಹೆಚ್ಚು. ನ್ಯೂಯಾರ್ಕ್ ನಗರದ 30 ಮಾಧ್ಯಮಿಕ ಶಾಲೆಗಳಲ್ಲಿ, 6 ಮತ್ತು 7ನೇ ತರಗತಿಗಳ 2,500ಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ ‘ಶಿಫ್ಟಿಂಗ್ ಬೌಂಡರೀಸ್’ ಎಂಬ ಕಾರ್ಯಕ್ರಮವನ್ನು ಪ್ರಯೋಗಿಸಲಾಯಿತು. ಕೆಲವು ಶಾಲೆಗಳಲ್ಲಿ ತರಗತಿಯ ಪಾಠ ಮಾತ್ರ, ಕೆಲವು ಕಡೆ ಇಡೀ ಕಟ್ಟಡದ ಮಟ್ಟದ ಬದಲಾವಣೆಗಳು ಮಾತ್ರ, ಇನ್ನು ಕೆಲವು ಕಡೆ ಎರಡೂ ಇದ್ದವು. 2013ರಲ್ಲಿ ಪ್ರಕಟವಾದ ಫಲಿತಾಂಶ ಶಿಕ್ಷಕರನ್ನು ಯೋಚನೆಗೆ ಹಚ್ಚುವಂಥದು: ಕಟ್ಟಡದ ಮಟ್ಟದ ಕ್ರಮಗಳು ಒಂಟಿಯಾಗಿಯೂ ಪಾಠದೊಂದಿಗೆ ಸೇರಿಯೂ ಲೈಂಗಿಕ ಕಿರುಕುಳ ಮತ್ತು ಹಿಂಸೆಯನ್ನು ತಗ್ಗಿಸಿದವು, ಬರಿಯ ಪಾಠ ತಗ್ಗಿಸಲಿಲ್ಲ.

ಆ ಕ್ರಮಗಳಲ್ಲಿ ಮುಖ್ಯವಾದದ್ದು ನಕ್ಷೆ. ಕಟ್ಟಡದ ಸರಳ ನಕ್ಷೆಯೊಂದನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ತಮಗೆ ಸುರಕ್ಷಿತವೆನಿಸುವ ಜಾಗಗಳಿಗೆ ಒಂದು ಬಣ್ಣ, ಅಳುಕು ಹುಟ್ಟಿಸುವ ಜಾಗಗಳಿಗೆ ಇನ್ನೊಂದು ಬಣ್ಣ ಹಚ್ಚಲು ಹೇಳಬೇಕು. ಹೆಸರು ಬರೆಯುವುದು ಬೇಡ. ಶಿಕ್ಷಕರೂ ತಮ್ಮದೇ ನಕ್ಷೆ ಗುರುತು ಮಾಡಲಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ, ಹಿರಿಯರು ಗುರುತಿಸದ ಮೆಟ್ಟಿಲ ತಿರುವು, ಶೌಚಾಲಯದ ಓಣಿ, ಬಸ್ಸಿನ ಕೊನೆಯ ಸಾಲು, ಆಟದ ಸಾಮಾನಿನ ಕೋಣೆ ವಿದ್ಯಾರ್ಥಿಗಳ ನಕ್ಷೆಯಲ್ಲಿ ಬಣ್ಣ ಪಡೆದಿರಬಹುದು. ಅಂಥ ಜಾಗಗಳಲ್ಲಿ ಬೆಳಕು ಹಾಕಿಸುವುದು, ಬೀಗದ ವ್ಯವಸ್ಥೆ ಬದಲಿಸುವುದು, ವಿರಾಮದ ಹೊತ್ತಿನಲ್ಲಿ ಹಿರಿಯರೊಬ್ಬರು ನಿಲ್ಲುವುದು ವಾರದೊಳಗೆ ಆಗುವ ಕೆಲಸಗಳು. ಮಾಡಿದ ಬದಲಾವಣೆಯನ್ನು ವಿದ್ಯಾರ್ಥಿಗಳಿಗೆ ತಿಳಿಸುವುದನ್ನು ಮರೆಯಬಾರದು. ತಾವು ಹೇಳಿದ್ದಕ್ಕೆ ಒಂದು ದೀಪವಾದರೂ ಹೊತ್ತಿತು ಎಂಬುದನ್ನು ಕಂಡವರಿಗೆ, ಇನ್ನೂ ದೊಡ್ಡದನ್ನು ಹೇಳಬಹುದೆಂಬ ನಂಬಿಕೆ ಅಲ್ಲಿಂದಲೇ ಮೊಳೆಯುತ್ತದೆ.

ನಾಲ್ಕನೆಯ ಹಂತ: ತರಗತಿಯ ಚೌಕಟ್ಟು

ಒಂದು ದಿನದ ಉಪನ್ಯಾಸ ಬೇಡ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 8 ಮತ್ತು 9ನೇ ತರಗತಿಗಳಿಗಾಗಿ ರೂಪಿಸಿದ ‘ಸೇಫ್ ಡೇಟ್ಸ್’ ಕಾರ್ಯಕ್ರಮದಲ್ಲಿ 10 ಪಾಠಗಳು, ಒಂದು ನಾಟಕ ಮತ್ತು ಭಿತ್ತಿಚಿತ್ರ ಸ್ಪರ್ಧೆ ಇದ್ದವು; ನಾಲ್ಕು ವರ್ಷಗಳ ಬಳಿಕವೂ ಅದರಲ್ಲಿ ಭಾಗಿಯಾದವರಲ್ಲಿ ಪ್ರೇಮ ಸಂಬಂಧಗಳೊಳಗಿನ ದೈಹಿಕ ಮತ್ತು ಲೈಂಗಿಕ ಹಿಂಸೆ ಕಡಿಮೆಯಿತ್ತು. ಎಂಟರಿಂದ ಹತ್ತು ಪಾಠಗಳನ್ನು, ವಾರಕ್ಕೊಂದರಂತೆ, ವಿದ್ಯಾರ್ಥಿಗಳಿಗೆ ಪರಿಚಿತರಾದ ಶಿಕ್ಷಕರೇ ಇಬ್ಬಿಬ್ಬರಾಗಿ ನಡೆಸುವುದು ಒಳ್ಳೆಯ ಅಳತೆ. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಮುಖಗಳನ್ನು ಗಮನಿಸಲಿ.

ಮೊದಲ ದಿನವೇ ಕೆಲವು ಕಟ್ಟುಪಾಡುಗಳನ್ನು ಹೇಳಿಬಿಡಬೇಕು. ತರಗತಿಯಲ್ಲಿ ಯಾರೂ ತಮ್ಮ ಅಥವಾ ಗೆಳೆಯರ ಸ್ವಂತ ಅನುಭವವನ್ನು ಹೇಳಬೇಕಾಗಿಲ್ಲ. ಹೇಳಬೇಕೆನಿಸಿದರೆ ಪಾಠದ ನಂತರ ಯಾರ ಬಳಿ ಹೋಗಬಹುದೆಂಬುದನ್ನು ಹಲಗೆಯ ಮೇಲೆ ಬರೆದಿರುತ್ತದೆ. ಯಾರು ಬೇಕಾದರೂ, ಕಾರಣ ಹೇಳದೆ, ಹೊರಗೆ ಹೋಗಿ ಗೊತ್ತುಪಡಿಸಿದ ಕೋಣೆಯಲ್ಲಿ ಕೂರಬಹುದು. ಪಾಠದ ಕೊನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ಪ್ರಶ್ನೆ ಇದ್ದವರು ಪ್ರಶ್ನೆಯನ್ನೂ ಇಲ್ಲದವರು ‘ಪ್ರಶ್ನೆ ಇಲ್ಲ’ ಎಂದೂ ಬರೆದು ಪೆಟ್ಟಿಗೆಗೆ ಹಾಕಲಿ. ಎಲ್ಲರೂ ಬರೆಯುತ್ತಿದ್ದರೆ ಯಾರು ನಿಜವಾಗಿ ಕೇಳಿದರೆಂದು ಪಕ್ಕದವರಿಗೆ ತಿಳಿಯದು.

ಐದನೆಯ ಹಂತ: ಪಾಠಗಳ ಒಳಗೆ ಏನಿರಬೇಕು

ಮಾತಿನಿಂದ ಆರಂಭಿಸಬೇಕು. ದೇಹದ ಅಂಗಗಳಿಗೆ, ಕ್ರಿಯೆಗಳಿಗೆ ಶಿಕ್ಷಕರು ಮುಜುಗರವಿಲ್ಲದೆ ಸರಿಯಾದ ಹೆಸರು ಹೇಳಿದರೆ, ವಿದ್ಯಾರ್ಥಿಗಳಿಗೂ ಹೇಳಲು ಒಂದು ಭಾಷೆ ಸಿಗುತ್ತದೆ. ಬೈಗುಳದ ಪದಗಳು ಮತ್ತು ಮೌನ, ಇವೆರಡೇ ಇರುವ ಹುಡುಗನಿಗೆ ತನಗಾದದ್ದನ್ನು ಹೇಳುವ ದಾರಿಯೇ ಇರುವುದಿಲ್ಲ. ಇದರೊಂದಿಗೆ, ಮುಟ್ಟದೆಯೂ ದೌರ್ಜನ್ಯ ನಡೆಯಬಹುದೆಂಬುದು ಸ್ಪಷ್ಟವಾಗಬೇಕು: ಅಶ್ಲೀಲ ಚಿತ್ರಗಳನ್ನು ತೋರಿಸುವುದು, ಬಟ್ಟೆ ಬದಲಿಸುವಾಗ ಇಣುಕುವುದು, ದೇಹದ ಚಿತ್ರ ಕಳುಹಿಸೆಂದು ಪೀಡಿಸುವುದು ಎಲ್ಲವೂ ಅದರಲ್ಲಿ ಸೇರುತ್ತವೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 34ನೇ ವಿಧಿಯು ಎಲ್ಲ ಬಗೆಯ ಲೈಂಗಿಕ ಶೋಷಣೆಯಿಂದ ರಕ್ಷಣೆ ಪಡೆಯುವುದನ್ನು ಮಗುವಿನ ಹಕ್ಕಾಗಿ ಗುರುತಿಸಿದೆ ಎಂಬುದನ್ನು ಹದಿಹರೆಯದವರಿಗೆ ಹಕ್ಕಿನ ಭಾಷೆಯಲ್ಲಿಯೇ ಹೇಳಬೇಕು. ಎಚ್ಚರಿಕೆಯ ಭಾಷೆಗಿಂತ ಅವರು ಹಕ್ಕಿನ ಭಾಷೆಗೆ ಬೇಗ ಕಿವಿಗೊಡುತ್ತಾರೆ.

ಆನಂತರ ಎಸಗುವವರು ಯಾರು ಎಂಬ ಪ್ರಶ್ನೆ. ಕತ್ತಲಲ್ಲಿ ಹೊಂಚುಹಾಕುವ ಅಪರಿಚಿತನ ಚಿತ್ರವನ್ನು ಮೊದಲು ಅಳಿಸಬೇಕು, ಏಕೆಂದರೆ ಬಹುಪಾಲು ಪ್ರಕರಣಗಳಲ್ಲಿ ಎಸಗುವವರು ಮಗುವಿಗೆ ಗೊತ್ತಿರುವವರೇ. ಇಲ್ಲಿ ಗ್ರೂಮಿಂಗ್, ಅಂದರೆ ಸಲುಗೆಯ ಹೆಸರಿನಲ್ಲಿ ಬಲೆ ಹೆಣೆಯುವ ಕ್ರಮವನ್ನು ಬಿಡಿಸಿ ಹೇಳಬೇಕಾಗುತ್ತದೆ. ಒಂಟಿತನವಿರುವವರನ್ನು, ಮನೆಯಲ್ಲಿ ಗಮನ ಸಿಗದವರನ್ನು ಆರಿಸಿಕೊಳ್ಳುವುದರಿಂದ ಅದು ಆರಂಭವಾಗುತ್ತದೆ. ‘ನಿನ್ನಷ್ಟು ಪ್ರಬುದ್ಧತೆ ನಿನ್ನ ವಯಸ್ಸಿನವರಲ್ಲಿ ಬೇರೆ ಯಾರಿಗೂ ಇಲ್ಲ’ ಎಂಬ ಹೊಗಳಿಕೆ ಬರುತ್ತದೆ, ಉಡುಗೊರೆಯೋ ಅವಕಾಶವೋ ಬರುತ್ತದೆ, ಮನೆಯವರ ವಿಶ್ವಾಸವನ್ನೂ ಗಳಿಸಲಾಗುತ್ತದೆ. ಆಮೇಲೆ ಒಂದು ಸಣ್ಣ ಗುಟ್ಟು: ಕುಡಿಯಲು ಕೊಟ್ಟದ್ದು, ಮನೆಗೆ ತಡವಾಗಿ ಕಳುಹಿಸಿದ್ದು. ಆ ಸಣ್ಣ ಗುಟ್ಟನ್ನು ಉಳಿಸಿಕೊಂಡವರ ಬಳಿ ದೊಡ್ಡದು ಕೇಳುವುದು ಸುಲಭ. ಮುಟ್ಟುವಿಕೆ ಆಕಸ್ಮಿಕದಂತೆ ಆರಂಭವಾಗಿ, ಪ್ರತಿಕ್ರಿಯೆ ಬಾರದಿದ್ದರೆ ಮುಂದುವರಿಯುತ್ತದೆ. ಇದನ್ನು ಕಲಿಸುವಾಗ ಒಂದು ಎಚ್ಚರ ಅಗತ್ಯ: ಹೊಗಳುವ ಹಿರಿಯರೆಲ್ಲರೂ ಬಲೆ ಬೀಸುವವರಲ್ಲ. ಆದ್ದರಿಂದ ವಿದ್ಯಾರ್ಥಿಗಳಿಗೆ ಹಿಡಿಯಲು ಕೊಡಬೇಕಾದ ಎಳೆ ಗುಟ್ಟು. ಒಳ್ಳೆಯ ಹಿರಿಯರ ಅಕ್ಕರೆಯನ್ನು ಇನ್ನೊಬ್ಬರ ಮುಂದೆ ಹೇಳಿದರೆ ಅದಕ್ಕೆ ಕುಂದು ಬರುವುದಿಲ್ಲ. ಯಾರಿಗೂ ಹೇಳಬೇಡ ಎಂದು ಕೇಳುವ ಅಕ್ಕರೆಯನ್ನು ಮಾತ್ರ ಯಾರಿಗಾದರೂ ಹೇಳಲೇಬೇಕು.

ಸಮ್ಮತಿಯ ಪಾಠಕ್ಕೆ ಎರಡು ತರಗತಿಗಳನ್ನಾದರೂ ಮೀಸಲಿಡಬೇಕು. ‘ಇಲ್ಲ’ ಎಂದರೆ ಇಲ್ಲ ಎಂಬಷ್ಟಕ್ಕೇ ನಿಂತರೆ, ಬಾಯಿಬಿಟ್ಟು ಇಲ್ಲ ಎನ್ನದವರು ಒಪ್ಪಿದರು ಎಂಬ ಅರ್ಥ ಉಳಿದುಬಿಡುತ್ತದೆ. ಮೌನ ಒಪ್ಪಿಗೆಯಲ್ಲ, ನಿದ್ದೆಯಲ್ಲಿ, ಅಮಲಿನಲ್ಲಿ, ಭಯದಲ್ಲಿ ಒಪ್ಪಿಗೆ ಸಾಧ್ಯವಿಲ್ಲ, ನಿನ್ನೆಯ ಒಪ್ಪಿಗೆ ಇಂದಿಗೆ ಸಲ್ಲುವುದಿಲ್ಲ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಅಲ್ಲ, ಅಂಕ, ಆಯ್ಕೆ, ಕೆಲಸ ಯಾರ ಕೈಯಲ್ಲಿದೆಯೋ ಅವರೆದುರು ‘ಬೇಡ’ ಎನ್ನುವ ಸ್ವಾತಂತ್ರ್ಯ ವಿದ್ಯಾರ್ಥಿಗೆ ಇಲ್ಲದಿದ್ದರೆ ಅಲ್ಲಿ ಒಪ್ಪಿಗೆಯೇ ಇಲ್ಲ. ವಯಸ್ಸಿನ ಮಿತಿಯ ಬಗ್ಗೆ ತಮ್ಮ ದೇಶದ ಕಾನೂನು ಏನು ಹೇಳುತ್ತದೆಂಬುದನ್ನೂ ಇಲ್ಲಿಯೇ ನಿಖರವಾಗಿ ತಿಳಿಸಬೇಕು. ಹಾಗೆಂದು ಪಾಠವನ್ನು ಕಾನೂನಿನ ಕಲಮುಗಳ ಪಟ್ಟಿಯಾಗಿಸಬಾರದು. ‘ಅವಳಿಗೆ ಬೇಸರವಾಗಬಾರದೆಂದು ಒಪ್ಪಿದೆ’, ‘ಅವನು ನನ್ನನ್ನು ಬಿಟ್ಟುಹೋಗುತ್ತಾನೆಂದು ಒಪ್ಪಿದೆ’ ಎಂಬಂಥ ವಾಕ್ಯಗಳನ್ನು ಗುಂಪುಗಳಿಗೆ ಕೊಟ್ಟು, ಅಲ್ಲಿ ಇದ್ದದ್ದು ಇಚ್ಛೆಯೇ ಒತ್ತಡವೇ ಎಂದು ಚರ್ಚಿಸಲು ಬಿಡಬೇಕು. ಇಲ್ಲಿ ಹುಡುಗ ಹುಡುಗಿಯರು ಒಟ್ಟಿಗೆ ಕುಳಿತು ಪರಸ್ಪರರ ಮಾತು ಕೇಳುವುದೇ ಮೇಲು. ದೇಹದ ಕುರಿತ ಪ್ರಶ್ನೆಗಳಿಗೆ ಬೇಕಿದ್ದರೆ ಪ್ರತ್ಯೇಕ ಅವಧಿ ಇರಲಿ.

ಮರಗಟ್ಟುವಿಕೆಯ ಬಗ್ಗೆ ಪ್ರತಿ ಶಾಲೆಯೂ ಕಲಿಸಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅಪಾಯ ಎದುರಾದಾಗ ದೇಹ ಹೋರಾಡುತ್ತದೆ ಅಥವಾ ಓಡುತ್ತದೆ ಎಂದಷ್ಟೇ ನಾವು ಹೇಳುತ್ತೇವೆ. ಮೂರನೆಯದೂ ಇದೆ: ಕೈಕಾಲು ಆಡದೆ, ದನಿ ಹೊರಡದೆ ದೇಹ ಸ್ತಬ್ಧವಾಗಿಬಿಡುವುದು. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೊಳಗಾದವರ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ 70ರಷ್ಟು ಮಂದಿ ಆ ಹೊತ್ತಿನಲ್ಲಿ ಗಣನೀಯ ಮಟ್ಟದ ಸ್ತಬ್ಧತೆಯನ್ನು ಅನುಭವಿಸಿದ್ದರು. ಇದು ಇಚ್ಛೆಗೆ ಮೀರಿದ್ದು. ‘ಬೇಡ ಎನ್ನಿ, ಓಡಿ’ ಎಂದು ಮಾತ್ರ ಕಲಿತ ವಿದ್ಯಾರ್ಥಿ, ತನ್ನ ದೇಹ ಹಾಗೆ ಮರಗಟ್ಟಿದಾಗ, ಪಾಠದಲ್ಲಿ ಹೇಳಿದ್ದನ್ನೂ ಮಾಡಲಾಗದ ತಪ್ಪು ತನ್ನದೇ ಎಂದುಕೊಳ್ಳುತ್ತಾಳೆ. ತಡೆಯಲೆಂದು ಹೇಳಿದ ಪಾಠವೇ ಅವಳ ಬಾಯಿ ಮುಚ್ಚಿಸುತ್ತದೆ. ಹಾಗೆಯೇ, ಬಯಸದ ಸ್ಪರ್ಶಕ್ಕೂ ದೇಹ ತಾನೇ ತಾನಾಗಿ ಪ್ರತಿಕ್ರಿಯಿಸಬಹುದು, ಅದು ಒಪ್ಪಿಗೆಯ ಗುರುತಲ್ಲ ಎಂಬುದನ್ನೂ ಹೇಳಬೇಕು. ಹುಡುಗರಿಗೆ ಇದು ಇನ್ನೂ ಹೆಚ್ಚು ಅಗತ್ಯ. ತಮ್ಮ ಮೇಲೆ ಹೀಗಾಗಲು ಸಾಧ್ಯವೇ ಇಲ್ಲ, ಒಂದು ವೇಳೆ ಹಾಗಾದರೆ ಅದು ದೌರ್ಬಲ್ಯ, ಎಸಗಿದವಳು ಹೆಂಗಸಾದರೆ ಅದು ಅದೃಷ್ಟ ಎಂಬ ಮಾತುಗಳ ನಡುವೆ ಬೆಳೆಯುವ ಹುಡುಗರು ಮಾತನಾಡುವುದೇ ಇಲ್ಲ. ಪ್ರತಿ ಪಾಠದಲ್ಲಿ ಒಂದು ಉದಾಹರಣೆಯಾದರೂ ಹುಡುಗನದಾಗಿರಲಿ.

ಎಸಗುವವರು ಯಾವಾಗಲೂ ಹಿರಿಯರೇ ಆಗಿರುವುದಿಲ್ಲ, ಇದೇ ತರಗತಿಯಲ್ಲಿ ಕುಳಿತವರೂ ಆಗಿರಬಹುದು. ಆದ್ದರಿಂದ ಒಂದು ಇಡೀ ಪಾಠವು ‘ನಿನಗೆ ಹೀಗಾದರೆ’ ಎಂಬುದನ್ನು ಬಿಟ್ಟು ‘ನೀನು ಹೀಗೆ ಮಾಡುತ್ತಿದ್ದರೆ’ ಎಂಬುದರಿಂದ ಆರಂಭವಾಗಬೇಕು. ಎದುರಿನವರು ಹಿಂದೆ ಸರಿದದ್ದನ್ನು ಗಮನಿಸುವುದು, ಕೇಳಿ ಖಚಿತಪಡಿಸಿಕೊಳ್ಳುವುದು, ನಿರಾಕರಣೆಯನ್ನು ಅವಮಾನವೆಂದು ತಿಳಿಯದೆ ಸ್ವೀಕರಿಸುವುದು ಕಲಿಯಬಹುದಾದ ಕೌಶಲಗಳು. ಕಿರಿಯ ಮಕ್ಕಳ ಕಡೆಗೆ ತನಗೆ ಲೈಂಗಿಕ ಆಲೋಚನೆಗಳು ಬರುತ್ತಿವೆ ಎಂದು ಹೆದರಿರುವ ವಿದ್ಯಾರ್ಥಿ, ಏನೂ ಮಾಡುವ ಮೊದಲೇ, ಆಪ್ತಸಮಾಲೋಚಕರ ಬಳಿ ಬರಬಹುದು ಎಂಬ ಒಂದು ವಾಕ್ಯವನ್ನೂ ಅಲ್ಲಿ ಸೇರಿಸಬೇಕು.

ಮೊಬೈಲಿನ ಪಾಠವನ್ನು ‘ಚಿತ್ರ ಕಳುಹಿಸಬೇಡಿ’ ಎಂಬ ಒಂದೇ ನಿಷೇಧಕ್ಕೆ ಇಳಿಸಿದರೆ, ಕಳುಹಿಸಿದ ಮೇಲೆ ಸಿಕ್ಕಿಬಿದ್ದವರು ಶಾಲೆಯ ಬಾಗಿಲಿಗೆ ಬರುವುದಿಲ್ಲ. ಚಿತ್ರವನ್ನು ಹರಡುತ್ತೇನೆಂಬ ಬೆದರಿಕೆ ಬಂದಾಗ ಏನು ಮಾಡಬೇಕೆಂಬುದನ್ನು ಹಂತವಾಗಿ ಕಲಿಸಬೇಕು: ಹಣ ಕೊಡಬೇಡಿ, ಇನ್ನೊಂದು ಚಿತ್ರ ಕಳುಹಿಸಬೇಡಿ, ಸಂಭಾಷಣೆಯನ್ನೂ ಖಾತೆಯ ಹೆಸರನ್ನೂ ಅಳಿಸದೆ ಉಳಿಸಿಕೊಳ್ಳಿ, ಆಮೇಲೆ ಆ ಖಾತೆಯನ್ನು ನಿರ್ಬಂಧಿಸಿ (ಬ್ಲಾಕ್ ಮಾಡಿ), ಅದೇ ದಿನ ಯಾರಿಗಾದರೂ ಹೇಳಿ. ಹಣಕ್ಕಾಗಿ ನಡೆಯುವ ಇಂಥ ಬೆದರಿಕೆಗೆ ಹದಿಹರೆಯದ ಹುಡುಗರೇ ಹೆಚ್ಚಾಗಿ ಗುರಿಯಾಗುತ್ತಾರೆ. ಗಂಟೆಗಳ ಒಳಗೇ ಬದುಕು ಮುಗಿಯಿತೆಂದು ಭಾವಿಸುವಷ್ಟು ಒತ್ತಡ ಅವರ ಮೇಲೆ ಬೀಳುತ್ತದೆ. 2023ರಿಂದ ಇರುವ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಚಿತ್ರದ ಡಿಜಿಟಲ್ ಗುರುತನ್ನು ಮಾತ್ರ ತೆಗೆದುಕೊಂಡು, ತನ್ನೊಂದಿಗೆ ಕೈಜೋಡಿಸಿರುವ ಜಾಲತಾಣಗಳಲ್ಲಿ ಅದು ಹರಡದಂತೆ ನೆರವಾಗುತ್ತದೆ. ಚಿತ್ರ ಮೊಬೈಲಿನಿಂದ ಹೊರಗೆ ಹೋಗಬೇಕಾಗಿಲ್ಲ. ಶಿಕ್ಷಕರಿಗೂ ಒಂದು ಮಾತು: ಸಾಕ್ಷ್ಯಕ್ಕೆಂದು ಆ ಚಿತ್ರವನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಳ್ಳುವುದು, ಇನ್ನೊಬ್ಬರಿಗೆ ರವಾನಿಸುವುದು ಅಪರಾಧವಾಗಬಹುದು.

ಆರನೆಯ ಹಂತ: ಅಭ್ಯಾಸ

ಪಾತ್ರಾಭಿನಯ ಇಲ್ಲಿ ಉಪಯುಕ್ತ, ಆದರೆ ದೌರ್ಜನ್ಯದ ದೃಶ್ಯವನ್ನು ಎಂದಿಗೂ ಅಭಿನಯಿಸಬಾರದು. ಅಭ್ಯಾಸ ಮಾಡಬೇಕಾದದ್ದು ಅದರ ಮುಂಚಿನ ಮತ್ತು ಆಮೇಲಿನ ಗಳಿಗೆಗಳನ್ನು. ಹದಿಹರೆಯದವರು ಮೊದಲು ಹೇಳಿಕೊಳ್ಳುವುದು ಹೆಚ್ಚಾಗಿ ಇನ್ನೊಬ್ಬ ಹದಿಹರೆಯದವರ ಬಳಿ. ಹಾಗಾಗಿ ಗೆಳತಿ ಬಂದು ಹೇಳಿದಾಗ ಏನು ಹೇಳಬೇಕು, ಆ ಭಾರವನ್ನು ತಾನೊಬ್ಬಳೇ ಹೊರದೆ ಹಿರಿಯರ ಬಳಿ ಇಬ್ಬರೂ ಒಟ್ಟಿಗೆ ಹೋಗುವುದು ಹೇಗೆ, ಮೊದಲ ಹಿರಿಯರು ನಂಬದಿದ್ದರೆ ಎರಡನೆಯವರ, ಮೂರನೆಯವರ ಬಳಿ ಹೋಗುವುದು ಹೇಗೆ ಎಂಬುದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಲಿ.

ನೋಡುತ್ತ ನಿಂತವರು ಏನು ಮಾಡಬಹುದೆಂಬುದು ಇನ್ನೊಂದು ಅಭ್ಯಾಸ. ಅಮೆರಿಕದ ಕೆಂಟಕಿಯ 26 ಪ್ರೌಢಶಾಲೆಗಳಲ್ಲಿ ಹಲವು ವರ್ಷ ನಡೆದ ‘ಗ್ರೀನ್ ಡಾಟ್’ ಕಾರ್ಯಕ್ರಮವು ಇದನ್ನೇ ಕಲಿಸಿತು; ಕಾರ್ಯಕ್ರಮವಿದ್ದ ಶಾಲೆಗಳಲ್ಲಿ ಲೈಂಗಿಕ ಹಿಂಸೆ ತಗ್ಗಿತೆಂದು 2017ರಲ್ಲಿ ವರದಿಯಾಯಿತು. ನೇರವಾಗಿ ತಡೆಯಲು ಎಲ್ಲರಿಗೂ ಆಗುವುದಿಲ್ಲ, ಅದನ್ನು ನಿರೀಕ್ಷಿಸಲೂಬಾರದು. ಮಾತು ಬೇರೆಡೆಗೆ ತಿರುಗಿಸುವುದು, ‘ನಿನ್ನನ್ನು ಮೇಡಂ ಕರೆಯುತ್ತಿದ್ದಾರೆ’ ಎಂದು ಅಲ್ಲಿಂದ ಕರೆದೊಯ್ಯುವುದು, ಹಿರಿಯರನ್ನು ಕರೆತರುವುದು, ಎಲ್ಲ ಮುಗಿದ ಮೇಲೆ ಪಕ್ಕದಲ್ಲಿ ಕುಳಿತು ವಿಚಾರಿಸುವುದು ಕೂಡ ನೆರವೇ. ಅಸಭ್ಯ ಹಾಸ್ಯಕ್ಕೆ ನಗದಿರುವುದೂ ಒಂದು ಕ್ರಿಯೆ ಎಂದು ಹೇಳಿಕೊಟ್ಟರೆ ನಾಚಿಕೆಯ ಸ್ವಭಾವದವರೂ ತಮ್ಮ ಪಾಲಿನದನ್ನು ಕಂಡುಕೊಳ್ಳುತ್ತಾರೆ.

ಅಂಗವಿಕಲತೆಯುಳ್ಳ ವಿದ್ಯಾರ್ಥಿಗಳಿಗೆ ಅಪಾಯ ಹೆಚ್ಚು, ಪಾಠ ಸಿಗುವುದು ಕಡಿಮೆ. ಸಂಜ್ಞಾ ಭಾಷೆ, ಬ್ರೈಲ್, ಚಿತ್ರಗಳ ನೆರವಿನ ಪಾಠವನ್ನು ಮೊದಲಿನಿಂದಲೇ ಯೋಜಿಸಬೇಕು. ದಿನನಿತ್ಯದ ಆರೈಕೆಗೆ ಇನ್ನೊಬ್ಬರ ಸ್ಪರ್ಶ ಅನಿವಾರ್ಯವಾದವರಿಗೆ, ಆರೈಕೆಯ ಸ್ಪರ್ಶ ಎಲ್ಲಿ ಮುಗಿಯುತ್ತದೆ, ಮುಟ್ಟುವ ಮೊದಲು ಕೇಳಬೇಕೆಂದು ಅವರು ಹೇಗೆ ಪಟ್ಟುಹಿಡಿಯಬಹುದು ಎಂಬುದನ್ನು ಪ್ರತ್ಯೇಕವಾಗಿ ಕಲಿಸಬೇಕಾಗುತ್ತದೆ.

ಏಳನೆಯ ಹಂತ: ಅಳೆಯುವುದು, ಮುಂದುವರಿಸುವುದು

ಪಾಠಕ್ಕೆ ಮೊದಲು ಮತ್ತು ಮೂರು ತಿಂಗಳ ನಂತರ ಹೆಸರಿಲ್ಲದ ಒಂದು ಪ್ರಶ್ನಾವಳಿ ಸಾಕು. ‘ಸಮ್ಮತಿ ಎಂದರೇನು?’ ಎಂಬ ಪ್ರಶ್ನೆಗಿಂತ ‘ನಿನಗೆ ತೊಂದರೆಯಾದರೆ ಈ ಶಾಲೆಯಲ್ಲಿ ಯಾರಿಗೆ ಹೇಳುವೆ?’ ಎಂಬುದು ಹೆಚ್ಚು ತಿಳಿಸುತ್ತದೆ. ಆ ಜಾಗ ಖಾಲಿಯಿದ್ದ ಹಾಳೆಗಳನ್ನು ಎಣಿಸಿ. ಮೂರು ತಿಂಗಳ ನಂತರವೂ ಆ ಎಣಿಕೆ ಇಳಿದಿರದಿದ್ದರೆ ತಿದ್ದಬೇಕಾದದ್ದು ಪಠ್ಯವನ್ನಲ್ಲ, ಮೊದಲ ಹಂತವನ್ನು. ನಕ್ಷೆಯನ್ನು ಪ್ರತಿ ವರ್ಷವೂ ಹೊಸದಾಗಿ ಮಾಡಿಸಬೇಕು. ಪ್ರತಿ ತರಗತಿಯಲ್ಲಿಯೂ ವಯಸ್ಸಿಗೆ ತಕ್ಕಂತೆ ಪಾಠ ಮುಂದುವರಿಯಬೇಕು, ಏಕೆಂದರೆ ಹದಿಮೂರರಲ್ಲಿ ಕೇಳಿದ ಸಮ್ಮತಿಯ ಮಾತು ಹದಿನಾರರಲ್ಲಿ ಬೇರೆಯೇ ಆಗಿ ಕೇಳಿಸುತ್ತದೆ.

ಆಡಳಿತ ಮಂಡಳಿಗೆ ಒಂದು ವಿಷಯವನ್ನು ಪಾಠ ಆರಂಭವಾಗುವ ಮೊದಲೇ ಬರಹದಲ್ಲಿ ತಿಳಿಸಿ, ಅವರ ಸಹಿ ಪಡೆಯಬೇಕು. ಮೊದಲ ವರ್ಷದಲ್ಲಿ ದೂರುಗಳ ಸಂಖ್ಯೆ ಏರಬಹುದು. ಹಾಗೆ ಏರಿದರೆ ಶಾಲೆ ಕೆಟ್ಟಿತೆಂದು ಅರ್ಥವಲ್ಲ. ಮೊದಲಿನಿಂದಲೂ ಇದ್ದದ್ದು ಈಗ ಕಿವಿಗೆ ಬೀಳುತ್ತಿದೆ ಎಂದು ಅರ್ಥ. ಆ ಸಹಿಯಿಲ್ಲದ ಶಾಲೆಯಲ್ಲಿ, ಮೊದಲ ದೂರು ಬಂದ ದಿನವೇ ಪಾಠವನ್ನು ನಿಲ್ಲಿಸಿಬಿಡುವ ಒತ್ತಡ ಬರುತ್ತದೆ. ಸಹಿಯಿದ್ದಲ್ಲಿ ಮುಖ್ಯೋಪಾಧ್ಯಾಯರು ಆ ಹಾಳೆಯನ್ನು ಮೇಜಿನ ಮೇಲಿಟ್ಟು ಮುಂದಿನ ವಾರದ ಪಾಠಕ್ಕೆ ವೇಳೆ ಗೊತ್ತುಪಡಿಸಬಹುದು.